ಬೀಜದ ಸಾಕ್ಷ್ಯ

ಕಳೆದ ಹೂಮಳೆಯ ಕಾಲದಲ್ಲಿ ಬಣಕಲ್ಲಿನ ನಮ್ಮ ಬಂಧುಗಳ ಮನೆಯೊಂದರಲ್ಲಿ ನಡೆದ ಮಾತುಕತೆಯೇ ಈ ಲೇಖನಕ್ಕೆ ಪ್ರೇರಣೆ. ಆ ಮನೆಯ ಹುಡುಗಿ ವ್ಯವಸಾಯಶಾಸ್ತ್ರದಲ್ಲಿ ಪದವಿ ಪಡೆದವಳು. ತನ್ನೊಡನೆ ಓದಿದ, ಬೇರೊಂದು ಜಾತಿಯ ಯುವಕನನ್ನು ವರಿಸಬೇಕೆಂಬ ಇಚ್ಛೆಯನ್ನು ಅವಳು ಹಿರಿಯರ ಮುಂದಿಟ್ಟಿದ್ದಳು. ಇಂಥ ಸಂದರ್ಭದಲ್ಲಿ ನಮ್ಮ ಕಡೆಯ ಹಿರಿಯರು ಶಾಸ್ತ್ರವನ್ನೋ ಸಂಪ್ರದಾಯವನ್ನೋ ಊರವರ ಬಾಯನ್ನೋ ಮುಂದೊಡ್ಡುವುದು ವಾಡಿಕೆ. ಅಂದು ಹಾಗಾಗಲಿಲ್ಲ. ಹುಡುಗಿಯ ದೊಡ್ಡಪ್ಪನವರು ವಿದ್ಯಾವಂತರು. ಪತ್ರಿಕೆ ಪುಸ್ತಕಗಳನ್ನು ತಪ್ಪದೆ ಓದುವವರು. ಅವರು ವಿಜ್ಞಾನವನ್ನೇ ಸಾಕ್ಷಿಗೆ ಕರೆದರು.

“ನಾನು ಜಾತಿಯ ಮಾತನ್ನಾಡುತ್ತಿಲ್ಲ ಮಗು, ತಳಿವಿಜ್ಞಾನದ ಮಾತನ್ನಾಡುತ್ತಿದ್ದೇನೆ. ಗುಣವಿರುವುದು ಬೀಜದಲ್ಲಿ. ನಮ್ಮ ಹಿರಿಯರು ಕುಲವನ್ನು ಕಾಪಾಡಿಕೊಂಡು ಬಂದದ್ದು ಬೀಜವನ್ನು ಕಾಪಾಡುವುದಕ್ಕಾಗಿಯೇ. ಅವರು ಅನುಭವದಿಂದ ಕಂಡದ್ದನ್ನು ಈಗಿನವರು ಪ್ರಯೋಗಶಾಲೆಯಲ್ಲಿ ಕಾಣುತ್ತಿದ್ದಾರೆ, ಅಷ್ಟೆ” ಎಂದರು.

ಹುಡುಗಿ ಒಂದು ಗಳಿಗೆ ಸುಮ್ಮನಿದ್ದು, “ದೊಡ್ಡಪ್ಪ, ನಮ್ಮ ಮೇಲಿನ ತೋಟದಲ್ಲಿರುವುದು ಯಾವ ತಳಿ?” ಎಂದು ಕೇಳಿದಳು. “ಎಸ್. ೭೯೫. ನಿನಗೆ ಗೊತ್ತಿಲ್ಲವೆ?” ಎಂದರು ಅವರು. ಅವಳು ಮತ್ತೇನೂ ಹೇಳದೆ ಎದ್ದು ಒಳಗೆ ಹೋದಳು. ಅವಳ ಪ್ರಶ್ನೆಯ ಇಂಗಿತವು ಜಗಲಿಯಲ್ಲಿ ಕುಳಿತಿದ್ದ ಬಹುಮಂದಿಗೆ ತಿಳಿಯಲಿಲ್ಲ. ಅವಳು ಅರ್ಧದಲ್ಲಿ ಬಿಟ್ಟ ವಾದವನ್ನು ಪೂರ್ಣಗೊಳಿಸುವುದೇ ನಮ್ಮ ಉದ್ದೇಶ. ದೊಡ್ಡಪ್ಪನವರಲ್ಲಿ ನಮಗಿರುವ ಗೌರವಕ್ಕೆ ಇದರಿಂದ ಏನೂ ಕುಂದಿಲ್ಲ. ಅವರಾಡಿದ ಮಾತು ಈಗ ಅನೇಕ ಸುಶಿಕ್ಷಿತ ಮನೆಗಳಲ್ಲಿ ಕೇಳಿಬರುತ್ತಿರುವುದರಿಂದ ಅದನ್ನು ಬಹಿರಂಗವಾಗಿ ವಿಚಾರಿಸುವುದು ಅವಶ್ಯಕವಾಗಿದೆ.

ಯಾವ ವಾದವನ್ನಾದರೂ ಖಂಡಿಸುವ ಮುನ್ನ ಪೂರ್ವಪಕ್ಷವನ್ನು ಪ್ರಾಮಾಣಿಕವಾಗಿ ನಿರೂಪಿಸತಕ್ಕದ್ದು ನಮ್ಮ ಶಾಸ್ತ್ರಕಾರರ ಸಂಪ್ರದಾಯ. ದೊಡ್ಡಪ್ಪನವರ ವಾದಕ್ಕೆ ಮೂರು ಮೆಟ್ಟಿಲುಗಳಿವೆ. ಗುಣಗಳು ತಂದೆತಾಯಿಗಳಿಂದ ಮಕ್ಕಳಿಗೆ ಇಳಿಯುತ್ತವೆ ಎಂಬುದು ಮೊದಲನೆಯದು. ಬೆರಕೆಯಿಲ್ಲದ ಬೀಜವೇ ಉತ್ತಮವಾದ ಬೀಜ ಎಂಬುದು ಎರಡನೆಯದು. ಬೀಜದ ಮೇಲ್ಮೆಯೇ ಮನುಷ್ಯನ ಮೇಲ್ಮೆ, ಆದುದರಿಂದ ಕುಲವು ಕುಲದೊಳಗೇ ಕೂಡುವುದು ನಿಸರ್ಗದ ಆಜ್ಞೆ ಎಂಬುದು ಮೂರನೆಯದು.

ಮೊದಲನೆಯ ಮೆಟ್ಟಿಲು ಗಟ್ಟಿಯಾದುದೇ. ಮೆಂಡೆಲ್ ಎಂಬ ಕ್ರೈಸ್ತ ಸಂನ್ಯಾಸಿಯು ಬಟಾಣಿ ಗಿಡಗಳ ಮೇಲೆ ನಡೆಸಿದ ಪ್ರಯೋಗಗಳನ್ನು ೧೮೬೬ರಲ್ಲಿ ಪ್ರಕಟಿಸಿದನು. ಲೋಕವು ಅವುಗಳ ಬೆಲೆಯನ್ನು ಅರಿತದ್ದು ೧೯೦೦ರಲ್ಲಿ. ರಕ್ತದ ಗುಂಪು, ಕಣ್ಣಿನ ಬಣ್ಣ, ಕೆಲವು ರೋಗಗಳು ಇವೆಲ್ಲ ವಂಶವಾಹಿಗಳ ಮೂಲಕ ಇಳಿಯುವುದೆಂಬುದರಲ್ಲಿ ಇಂದು ಸಂಶಯವಿಲ್ಲ. ಆದರೆ ಮೆಂಡೆಲನ ಪಾಠಕ್ಕೆ ಇನ್ನೊಂದು ಅರ್ಧವುಂಟು. ವಂಶವಾಹಿಗಳು ಕಟ್ಟಿಟ್ಟ ಗಂಟಿನಂತೆ ತಲೆಯಿಂದ ತಲೆಗೆ ಸಾಗುವುದಿಲ್ಲ. ತಂದೆಯದು ಅರ್ಧ, ತಾಯಿಯದು ಅರ್ಧ. ಯಾವ ಅರ್ಧವೆಂಬುದು ಪ್ರತಿಯೊಂದು ಸಲವೂ ಹೊಸದಾಗಿ ಕಲೆಸಿ ಹಂಚಿದ ಎಲೆಯಂತೆ. ಒಂದೇ ತಾಯಿಯ ಐವರು ಮಕ್ಕಳು ಐದು ಬಗೆಯಾಗಿರುವುದು ಇದರಿಂದಲೇ. ಕುಲಕ್ಕೊಂದು ಗುಣವೆಂಬ ಮಾತಿಗೆ ನಮ್ಮ ನಮ್ಮ ಮನೆಯ ಮಕ್ಕಳೇ ಪ್ರತಿಸಾಕ್ಷಿಗಳಾಗಿದ್ದಾರೆ.

ಎರಡನೆಯ ಮೆಟ್ಟಿಲಿಗೆ ಬರೋಣ. ಇಲ್ಲಿ ಹುಡುಗಿಯ ಪ್ರಶ್ನೆಯೇ ನಮಗೆ ದಾರಿದೀಪ. ಬಾಬಾ ಬುಡನ್ ಅವರು ಯೆಮನ್ ದೇಶದಿಂದ ಏಳು ಬೀಜಗಳನ್ನು ತಂದು ಚಂದ್ರದ್ರೋಣ ಪರ್ವತದಲ್ಲಿ ಬಿತ್ತಿದರೆಂಬ ಐತಿಹ್ಯವನ್ನು ನಮ್ಮ ಜಿಲ್ಲೆಯ ಮಕ್ಕಳೆಲ್ಲ ಬಲ್ಲರು. ಅರೇಬಿಕಾ ಗಿಡವು ತನ್ನ ಹೂವಿನ ಪರಾಗದಿಂದಲೇ ಕಾಯಿಕಟ್ಟುವ ಸ್ವಭಾವದ್ದು. ಹೀಗೆ ಅಲ್ಪ ಬೀಜಗಳಿಂದ ಹುಟ್ಟಿ, ತನ್ನೊಳಗೆ ತಾನೇ ಕೂಡಿ, ಬೆರಕೆಯಿಲ್ಲದೆ ಬೆಳೆದ ಹಳೆಯ ತಳಿಯು ನಮ್ಮ ಊರಿನ ಹೆಸರನ್ನೇ ಹೊತ್ತು ‘ಚಿಕ್’ ಎಂದು ಕರೆಯಿಸಿಕೊಂಡಿತ್ತು. ಕುಲಶುದ್ಧಿಯೇ ಶ್ರೇಷ್ಠತೆಯಾಗಿದ್ದ ಪಕ್ಷದಲ್ಲಿ ಇದಕ್ಕಿಂತ ಶ್ರೇಷ್ಠವಾದ ಗಿಡ ಇರಕೂಡದು. ಆದುದೇನು? ಸಿಂಹಳದ್ವೀಪದಲ್ಲಿ, ಎಂದರೆ ಈಗಿನ ಶ್ರೀಲಂಕಾದಲ್ಲಿ, ೧೮೬೯ರಲ್ಲಿ ಎಲೆತುಕ್ಕು ರೋಗವು ಕಾಣಿಸಿಕೊಂಡಿತು. ಸ್ವಲ್ಪ ಕಾಲದಲ್ಲಿಯೇ ನಮ್ಮ ಬೆಟ್ಟಗಳನ್ನೂ ಏರಿತು. ಸಿಂಹಳದವರು ಕಾಫಿಯನ್ನೇ ತೊರೆದು ಚಹದ ಕಡೆಗೆ ತಿರುಗಿದರು. ನಮ್ಮ ಚಿಕ್ ತಳಿಯು ತುಕ್ಕಿಗೂ ಕಾಂಡಕೊರಕ ಹುಳುವಿಗೂ ತುತ್ತಾಗಿ ತೋಟಗಳಿಂದ ಮರೆಯಾಯಿತು. ಗಿಡಗಳೆಲ್ಲ ಒಂದೇ ಅಚ್ಚಿನವಾದುದರಿಂದ ಒಂದನ್ನು ಕೊಲ್ಲಬಲ್ಲ ರೋಗವು ಎಲ್ಲವನ್ನೂ ಕೊಲ್ಲಬಲ್ಲದಾಗಿತ್ತು.

ಮುಂದೆ ೧೯೧೧ರಲ್ಲಿ ಮೈಸೂರು ಸೀಮೆಯ ತೋಟವೊಂದರಲ್ಲಿ ಕೆಂಟ್ ಎಂಬ ತೋಟಗಾರರು ರೋಗವನ್ನು ತಡೆದು ನಿಂತ ಗಿಡವನ್ನು ಆರಿಸಿ ಅದರ ಬೀಜವನ್ನು ಹರಡಿದರು. ಕೆಲವು ವರ್ಷ ಎಲ್ಲರೂ ನೆಮ್ಮದಿಯಾಗಿದ್ದರು. ಆಮೇಲೆ ‘ಕೆಂಟ್ಸ್’ ಗಿಡದ ಎಲೆಯ ಮೇಲೂ ಕಿತ್ತಳೆ ಬಣ್ಣದ ಹುಡಿ ಕಾಣಿಸಿತು. ಮೈಸೂರು ಸರ್ಕಾರವು ೧೯೨೫ರಲ್ಲಿ ಬಾಳೆಹೊನ್ನೂರಿನ ಬಳಿ ಕಾಫಿ ಪ್ರಯೋಗ ಕೇಂದ್ರವನ್ನು ಸ್ಥಾಪಿಸಿತಷ್ಟೆ. ಅಲ್ಲಿ ಕೆಲಸಮಾಡುತ್ತಿದ್ದ ಮೇನ್ ಎಂಬ ವಿಜ್ಞಾನಿಯು ೧೯೩೨ರಲ್ಲಿ ಇದರ ಗುಟ್ಟನ್ನು ಹೊರಗೆಡವಿದರು. ತುಕ್ಕಿನ ಬೂಷ್ಟಿನಲ್ಲಿಯೇ ಬೇರೆಬೇರೆ ಪಂಗಡಗಳಿವೆ. ಒಂದು ಪಂಗಡಕ್ಕೆ ಮಣಿಯದ ಗಿಡವು ಮತ್ತೊಂದಕ್ಕೆ ಮಣಿಯುತ್ತದೆ. ಗಿಡವು ಬದಲಾದಂತೆ ಅದನ್ನು ತಿನ್ನಬಲ್ಲ ಬೂಷ್ಟು ಉಳಿದು ಹೆಚ್ಚುತ್ತದೆ. ಡಾರ್ವಿನನು ೧೮೫೯ರಲ್ಲಿ ಬರೆದ ನಿಸರ್ಗದ ಆಯ್ಕೆಯು ನಮ್ಮ ತೋಟದ ಎಲೆಯ ಅಡಿಯಲ್ಲಿಯೇ ನಡೆಯುತ್ತಿತ್ತು.

ಈಗ ದೊಡ್ಡಪ್ಪನವರ ತೋಟದ ತಳಿ. ಅರೇಬಿಕಾ ಗಿಡಕ್ಕೂ ಲೈಬೀರಿಕಾ ಎಂಬ ಬೇರೊಂದು ಜಾತಿಯ ಕಾಫಿ ಗಿಡಕ್ಕೂ ತಾನಾಗಿ ಆದ ಸಂಕರದಿಂದ ಹುಟ್ಟಿದುದೆಂದು ತಜ್ಞರು ಹೇಳುವ ಗಿಡವೊಂದಿತ್ತು. ಅದರ ಸಂತತಿಯನ್ನು ಕೆಂಟ್ಸ್ ತಳಿಯೊಡನೆ ಕೂಡಿಸಿ ಬಾಳೆಹೊನ್ನೂರಿನಲ್ಲಿ ಪಡೆದುದೇ ಎಸ್. ೭೯೫. ೧೯೪೦ರ ದಶಕದ ನಡುವೆ ಅದು ತೋಟಗಾರರ ಕೈಸೇರಿತು. ಇಂದಿಗೂ ನಮ್ಮ ಅರೇಬಿಕಾ ತೋಟಗಳಲ್ಲಿ ಅದಕ್ಕೆ ದೊಡ್ಡ ಪಾಲಿದೆ. ದೊಡ್ಡಪ್ಪನವರ ಮನೆಯ ಹೆಂಚು, ಮಕ್ಕಳ ವಿದ್ಯೆ, ಆ ಹುಡುಗಿಯ ಪದವಿ ಇವೆಲ್ಲ ಈ ಜಾತಿಸಂಕರದ ಗಿಡವು ಕೊಟ್ಟ ಫಲವಲ್ಲವೆ? ಅಷ್ಟೇ ಅಲ್ಲ. ನಾವು ಶುದ್ಧವೆಂದು ಭಾವಿಸುವ ಅರೇಬಿಕಾ ಜಾತಿಯೇ ಮೂಲದಲ್ಲಿ ಬೆರಕೆಯದು. ಬೇರೆ ಕಾಫಿ ಜಾತಿಗಳಿಗೆ ೨೨ ವರ್ಣತಂತುಗಳಿದ್ದರೆ ಅರೇಬಿಕಾಕ್ಕೆ ೪೪. ಆಫ್ರಿಕದ ಕಾಡಿನಲ್ಲಿ ರೊಬಸ್ಟಾ ಮತ್ತು ಯೂಜಿನಿಯಾಯ್ಡಿಸ್ ಎಂಬೆರಡು ಜಾತಿಗಳು ಕೂಡಿ ಅದು ಹುಟ್ಟಿತು. ೨೦೨೪ರಲ್ಲಿ ಪ್ರಕಟವಾದ ಸಂಶೋಧನೆಯು ಆ ಕೂಟದ ಕಾಲವನ್ನು ಸುಮಾರು ೬ ಲಕ್ಷ ವರ್ಷಗಳ ಹಿಂದೆಂದು ಅಂದಾಜುಮಾಡಿದೆ. ತಗ್ಗಿನ ತೋಟದ ರೊಬಸ್ಟಾ ಗಿಡದ ಸ್ವಭಾವವಂತೂ ಇನ್ನೂ ವಿಚಿತ್ರ. ಅದು ತನ್ನ ಪರಾಗವನ್ನು ತಾನು ಒಪ್ಪುವುದೇ ಇಲ್ಲ. ನೆರೆಯ ಗಿಡದ ಪರಾಗ ಬಂದರೆ ಮಾತ್ರ ಕಾಯಿಕಟ್ಟುತ್ತದೆ.

ಇಲ್ಲಿ ವಾಚಕರಲ್ಲಿ ಕೆಲವರು, “ಹಾಗಾದರೆ ಬೆರಕೆಯೇ ಶ್ರೇಷ್ಠ, ಅದೇ ನಿಸರ್ಗದ ಆಜ್ಞೆ ಎಂದು ನೀವು ಹೇಳುತ್ತೀರಿ” ಎನ್ನಬಹುದು. ಇಲ್ಲ. ಹಾಗೆ ಹೇಳಿದರೆ ದೊಡ್ಡಪ್ಪನವರ ತಪ್ಪನ್ನೇ ತಿರುಗುಮುರುಗಾಗಿ ಮಾಡಿದಂತಾದೀತು. ಎಸ್. ೭೯೫ಕ್ಕೂ ಕಾಲಕ್ರಮದಲ್ಲಿ ತುಕ್ಕು ಹತ್ತಿತು. ಕಾಂಡಕೊರಕವು ಅದನ್ನೂ ಬಿಡಲಿಲ್ಲ. ಈಗಲೂ ನಾವು ಮೈಲುತುತ್ತ ಸುಣ್ಣಗಳ ಬೋರ್ಡೋ ದ್ರಾವಣವನ್ನು ಸಿಂಪಡಿಸುತ್ತಲೇ ಇದ್ದೇವೆ. ಮೇಲು ಕೀಳೆಂಬುದು ಬೀಜದೊಳಗೆ ಕುಳಿತಿರುವ ವಸ್ತುವಲ್ಲ. ಈ ನೆಲದಲ್ಲಿ, ಈ ಮಳೆಯಲ್ಲಿ, ಈ ರೋಗದ ಎದುರಿನಲ್ಲಿ, ಈ ವರ್ಷ ಈ ಗಿಡವು ಬಾಳೀತೆ ಎಂಬಷ್ಟನ್ನೇ ವಿಜ್ಞಾನವು ಹೇಳಬಲ್ಲದು.

ಇನ್ನು ಮನುಷ್ಯರ ಕುಲಶುದ್ಧಿಯ ವಿಚಾರ. ಪ್ರತಿಯೊಬ್ಬರಿಗೂ ತಂದೆತಾಯಿಗಳಿಬ್ಬರು, ಅಜ್ಜ ಅಜ್ಜಿಯರು ನಾಲ್ವರು. ಹೀಗೆ ಇಮ್ಮಡಿಸುತ್ತ ಹೋದರೆ ಹತ್ತನೆಯ ತಲೆಯಲ್ಲಿ, ಎಂದರೆ ಹೆಚ್ಚು ಕಡಮೆ ಮುನ್ನೂರು ವರ್ಷಗಳ ಹಿಂದೆ, ೧,೦೨೪ ಪೂರ್ವಿಕರ ಸ್ಥಾನಗಳಾಗುತ್ತವೆ. ಇಪ್ಪತ್ತನೆಯ ತಲೆಯಲ್ಲಿ ೧೦,೪೮,೫೭೬. ಬಂಧುಗಳೊಳಗೆ ಮದುವೆಗಳಾದಾಗ ಒಬ್ಬರೇ ಎರಡು ಮೂರು ಸ್ಥಾನಗಳಲ್ಲಿ ಬರುವರಾದುದರಿಂದ ತಲೆಗಳ ಎಣಿಕೆ ಕಡಮೆಯಾದೀತು. ಲೆಕ್ಕದ ಸ್ವರೂಪ ಬದಲಾಗದು. ನಾವು ಹೆಮ್ಮೆಯಿಂದ ಹೇಳಿಕೊಳ್ಳುವ ತಂದೆಯ ಸಾಲಿನ ಗೋತ್ರವು ಈ ೧,೦೨೪ರಲ್ಲಿ ಒಂದೇ ಒಂದು ಎಳೆ. ಉಳಿದ ೧,೦೨೩ ಮಂದಿಯ ಹೆಸರನ್ನೂ ನಾವರಿಯೆವು. ಜಾವಳಿಯಲ್ಲಿ ಹುಟ್ಟುವ ಹೇಮಾವತಿಯು ಅಲ್ಲಿ ದಾಟಬಹುದಾದ ತೊರೆ. ಗೊರೂರಿಗೆ ಬರುವಷ್ಟರಲ್ಲಿ ನೂರಾರು ಹಳ್ಳಗಳನ್ನು ಕೂಡಿಸಿಕೊಂಡಿರುತ್ತದೆ. ಗೊರೂರಿನಲ್ಲಿ ಬೊಗಸೆ ನೀರನ್ನೆತ್ತಿ ಇದು ಜಾವಳಿಯ ನೀರೆಂದು ಪ್ರಮಾಣಮಾಡುವವನನ್ನು ಏನೆನ್ನೋಣ? ಋಷಿಮೂಲ ನದೀಮೂಲಗಳನ್ನು ಹುಡುಕಬಾರದೆಂದು ನಮ್ಮವರು ಹೇಳಿದ್ದು ಬಲ್ಲವರ ಮಾತು.

ಲೆಕ್ಕದ ಮಾತು ಸಾಲದೆನ್ನುವವರಿಗೆ ಪ್ರಯೋಗಶಾಲೆಯ ಸಾಕ್ಷ್ಯವೂ ಇದೆ. ಹೈದರಾಬಾದಿನ ಕೋಶ ಮತ್ತು ಅಣುಜೀವವಿಜ್ಞಾನ ಕೇಂದ್ರದ ವಿದ್ವಾಂಸರೂ ಅಮೆರಿಕದ ವಿದ್ವಾಂಸರೂ ಕೂಡಿ ೭೩ ಜನಸಮುದಾಯಗಳನ್ನು ಪರೀಕ್ಷಿಸಿ ೨೦೧೩ರಲ್ಲಿ ತಮ್ಮ ನಿರ್ಣಯವನ್ನು ಪ್ರಕಟಿಸಿದರು. ಅದರಂತೆ ಸುಮಾರು ೪,೨೦೦ ವರ್ಷಗಳ ಹಿಂದಿನಿಂದ ೧,೯೦೦ ವರ್ಷಗಳ ಹಿಂದಿನವರೆಗೆ ಈ ದೇಶದಲ್ಲಿ ಜನಾಂಗಗಳು ವ್ಯಾಪಕವಾಗಿ ಬೆರೆತವು; ಸ್ವಜಾತಿಯೊಳಗೇ ಮದುವೆಯೆಂಬ ಕಟ್ಟು ಬಿಗಿಯಾದದ್ದು ಅನಂತರ. ಎಂದರೆ ಕಟ್ಟು ಇದೆಯೆಂಬುದೂ ನಿಜ, ಆ ಕಟ್ಟಿನೊಳಗೆ ಕಾಪಾಡಿದ ವಸ್ತು ಮೊದಲೇ ಬೆರೆತುದಾಗಿತ್ತೆಂಬುದೂ ನಿಜ. ಬೆಲ್ಲ ತೆಂಗಿನಕಾಯಿಗಳನ್ನು ಕಲೆಸಿದ ಮೇಲೆ ಪಾತ್ರೆಗೆ ಮುಚ್ಚಳ ಹಾಕಿ, ಒಳಗಿರುವುದು ಬರಿಯ ಬೆಲ್ಲವೆಂದರೆ ಆದೀತೆ?

ಮೂರನೆಯ ಮೆಟ್ಟಿಲೇ ಈ ವಾದದ ಮರ್ಮಸ್ಥಾನ. ಇದುವರೆಗಿನ ನಮ್ಮ ಮಾತುಗಳೆಲ್ಲ ಸುಳ್ಳಾಗಿ, ಶುದ್ಧ ಬೀಜವೇ ಬಲವಾದುದೆಂದು ನಾಳೆ ಸಿದ್ಧವಾದರೂ ಈ ಮೆಟ್ಟಿಲು ನಿಲ್ಲದೆಂಬುದು ನಮ್ಮ ಸಿದ್ಧಾಂತ. ಹೇಗೆಂದರೆ, ದೊಡ್ಡಪ್ಪನವರ ಪಕ್ಷದವರು ಹೀಗೆ ಹೇಳಬಹುದು: “ಕಾಫಿಯ ಮಾತು ಇರಲಿ. ನಮ್ಮ ಜಿಲ್ಲೆಯ ಅಜ್ಜಂಪುರದಲ್ಲಿ ಅಮೃತಮಹಲ್ ದನಗಳ ತಳಿಯನ್ನು ಬೆರಕೆಯಾಗದಂತೆ ಸರ್ಕಾರವೇ ಕಾಪಾಡುತ್ತಿಲ್ಲವೆ?” ಕಾಪಾಡುತ್ತಿದೆ, ಕಾಪಾಡಬೇಕಾದುದೇ. ಆದರೆ ಆ ತಳಿಯು ಉತ್ತಮವೆನಿಸಿಕೊಂಡದ್ದು ಏತಕ್ಕೆ? ಮೈಸೂರಿನ ಅರಸರು, ಹೈದರ್, ಟಿಪ್ಪು ಇವರ ಸೈನ್ಯದ ಸಾಮಾನನ್ನು ದಣಿಯದೆ ವೇಗವಾಗಿ ಎಳೆಯುತ್ತಿದ್ದುದಕ್ಕೆ. ಹಾಲಿನ ಲೆಕ್ಕ ನೋಡುವವನಿಗೆ ಅದೇ ಹಸು ನಷ್ಟದ ಬಾಬು. ಹಾಗೆಯೇ ಕಾಫಿಯಲ್ಲಿ, ಇಳುವರಿ ಬೇಕೆನ್ನುವವನಿಗೆ ಒಂದು ತಳಿ, ರುಚಿ ಬೇಕೆನ್ನುವವನಿಗೆ ಇನ್ನೊಂದು. ಉತ್ತಮವೆಂಬ ಮಾತು ಎಲ್ಲ ಕಡೆಯೂ ಒಡೆಯನ ಪ್ರಯೋಜನವನ್ನು ಹಿಡಿದು ಬರುತ್ತದೆ. ದನಕ್ಕೆ ಒಡೆಯನುಂಟು, ಗಿಡಕ್ಕೆ ಒಡೆಯನುಂಟು. ಮನುಷ್ಯನಿಗೆ ಒಡೆಯನಾರು? ಆ ಹುಡುಗಿಯು ಯಾರ ತೋಟದ ಗಿಡ? ಯಾರ ಲೆಕ್ಕದ ಪುಸ್ತಕದಲ್ಲಿ ಅವಳ ಇಳುವರಿಯನ್ನು ಬರೆಯತಕ್ಕದ್ದು? ಈ ಪ್ರಶ್ನೆಗೆ ಉತ್ತರವಿಲ್ಲದ ಮೇಲೆ ಮನುಷ್ಯನಲ್ಲಿ ಉತ್ತಮ ಬೀಜವೆಂಬ ಮಾತಿಗೆ ಅರ್ಥವೇ ಇಲ್ಲ.

ಉತ್ತರವಿದೆಯೆಂದು ಹೇಳಿದವರೂ ಲೋಕದಲ್ಲಿ ಆಗಿಹೋದರು. ಡಾರ್ವಿನನ ಬಂಧುವಾದ ಗಾಲ್ಟನ್ನನು ೧೮೮೩ರಲ್ಲಿ ಸುಜನನವೆಂಬ ಶಾಸ್ತ್ರಕ್ಕೆ ಹೆಸರಿಟ್ಟನು. ಅಮೆರಿಕದ ಶ್ರೇಷ್ಠ ನ್ಯಾಯಾಲಯವು ೧೯೨೭ರಲ್ಲಿ, ದುರ್ಬಲ ಬೀಜದವಳೆಂದು ಅಧಿಕಾರಿಗಳು ಹಣೆಪಟ್ಟಿ ಕಟ್ಟಿದ ಹೆಣ್ಣುಮಗಳೊಬ್ಬಳಿಗೆ ಮಕ್ಕಳಾಗದಂತೆ ಬಲಾತ್ಕಾರವಾಗಿ ಶಸ್ತ್ರಚಿಕಿತ್ಸೆ ಮಾಡುವುದನ್ನು ಒಪ್ಪಿತು. ಜರ್ಮನಿಯು ೧೯೩೩ರಲ್ಲಿ ಅದನ್ನೇ ಶಾಸನವಾಗಿ ಮಾಡಿ ಸುಮಾರು ೪ ಲಕ್ಷ ಜನರಿಗೆ ಆ ಗತಿಯನ್ನು ತಂದಿತು. ಆಮೇಲಿನ ಕಥೆಯನ್ನು ವಾಚಕರು ಬಲ್ಲರು. ಅಲ್ಲಿ ಸರ್ಕಾರವು ತನ್ನನ್ನು ತೋಟಗಾರನೆಂದೂ ಪ್ರಜೆಗಳನ್ನು ಗಿಡಗಳೆಂದೂ ಭಾವಿಸಿತು. ನಮ್ಮ ಜಗಲಿಯ ಮೇಲಿನ ಮೃದುವಾದ ಮಾತಿಗೂ ಆ ಘೋರ ಕಾರ್ಯಕ್ಕೂ ಬಹಳ ದೂರವಿದೆಯೆಂಬುದನ್ನು ನಾವು ಒಪ್ಪುತ್ತೇವೆ. ಆದರೆ ಎರಡರ ಕೆಳಗಿರುವ ತರ್ಕ ಒಂದೇ.

“ಜೀವವಿಕಾಸವು ಕೀಳಿನಿಂದ ಮೇಲಕ್ಕೆ ಸಾಗುವ ಏಣಿಯಲ್ಲವೆ? ಏಣಿಯಲ್ಲಿ ಮೇಲು ಕೀಳು ಇರಬೇಡವೆ?” ಎಂಬ ಆಕ್ಷೇಪವೂ ಉಂಟು. ಏಣಿಯೆಂಬುದು ನಮ್ಮ ಕಲ್ಪನೆ. ನಮ್ಮ ಅಡಕೆ ತೋಟಗಳಲ್ಲಿ ಮರದಿಂದ ಮರಕ್ಕೆ ತೇಲುವ ಹಾರುವ ಓತಿಯು ಹಕ್ಕಿಯಾಗಲು ಹೊರಟು ಅರ್ಧದಲ್ಲಿ ನಿಂತ ಪ್ರಾಣಿಯಲ್ಲ. ತನ್ನ ಬಾಳಿಗೆ ಬೇಕಾದಷ್ಟನ್ನು ಪೂರ್ಣವಾಗಿ ಪಡೆದ ಪ್ರಾಣಿ. ಮೂಡಿಗೆರೆಯಲ್ಲಿ ನೆಲಸಿದ್ದ ಪೂರ್ಣಚಂದ್ರ ತೇಜಸ್ವಿಯವರು ೧೯೮೦ರಲ್ಲಿ ಹೊರತಂದ ‘ಕರ್ವಾಲೊ’ ಕಾದಂಬರಿಯಲ್ಲಿ ಈ ಓತಿಯನ್ನರಸಿ ಕಾಡಿಗೆ ಹೋಗುವ ವಿಜ್ಞಾನಿಯು, ಊರವರು ಕೆಲಸಕ್ಕೆ ಬಾರದವನೆಂದು ಬಗೆದ ಮಂದಣ್ಣನಲ್ಲಿ ಜೀವಶಾಸ್ತ್ರಜ್ಞನ ಕಣ್ಣನ್ನು ಕಾಣುತ್ತಾನೆ. ಮಂದಣ್ಣನ ಕುಲವನ್ನು ವಿಚಾರಿಸಿ ಅವನು ಅದನ್ನು ಕಂಡುದಲ್ಲ. ಮಂದಣ್ಣನು ನೋಡಿದ್ದನ್ನು ತಾನೂ ನೋಡಿ ಕಂಡನು. ನಮ್ಮ ತಾಲ್ಲೂಕಿನಲ್ಲಿಯೇ ಬರೆದ ಈ ಕಥೆಯನ್ನು ಓದಿ ಮೆಚ್ಚಿದ ನಾವು ಮನೆಯ ಮದುವೆಯ ಮಾತು ಬಂದಾಗ ಅದನ್ನು ಮರೆಯುವುದೇಕೆ?

ಬೀಜವಾದಕ್ಕೆ ಇನ್ನೊಂದು ಮುಖವಿದೆ. ಅದು ಹೆಮ್ಮೆಯದಲ್ಲ, ಔದಾಸೀನ್ಯದ್ದು. ಸಾಗರ ತಾಲ್ಲೂಕಿನ ಹಂದಿಗೋಡಿನ ಹೆಸರಿನಿಂದ ಕರೆಯಲ್ಪಡುವ ಕೀಲುರೋಗವು ೧೯೭೦ರ ದಶಕದ ನಡುವೆ ಹೊರಲೋಕಕ್ಕೆ ತಿಳಿದುಬಂತು. ಶಿವಮೊಗ್ಗ, ಚಿಕ್ಕಮಗಳೂರು ಜಿಲ್ಲೆಗಳ ಬಡ ದಲಿತ ಕುಟುಂಬಗಳಲ್ಲಿ ಸೊಂಟ, ಮೊಣಕಾಲುಗಳ ಕೀಲುಗಳು ಸವೆದು, ದುಡಿಯುವ ದೇಹಗಳು ಬಾಗಿ, ನಡೆಯಲಾರದ ಸ್ಥಿತಿಗೆ ಬಂದವು. ಮೊದಲು ಗದ್ದೆಯ ವಿಷ ಸೇರಿದ ಏಡಿಯನ್ನು ತಿಂದುದೇ ಕಾರಣವೆಂಬ ಶಂಕೆ ಹುಟ್ಟಿತು. ಆಮೇಲಿನ ಸಂಶೋಧನೆಯಿಂದ ಇದು ಆನುವಂಶಿಕ ರೋಗವೆಂದೂ, ತಂದೆತಾಯಿಗಳಲ್ಲಿ ಒಬ್ಬರಿಗಿದ್ದರೆ ಪ್ರತಿ ಮಗುವಿಗೂ ಬರುವ ಸಂಭವವು ಅರ್ಧಕ್ಕೆ ಅರ್ಧವೆಂದೂ ತಿಳಿಯಿತು. ಆನುವಂಶಿಕವೆಂದ ಕೂಡಲೇ ಎಷ್ಟೋ ಮಂದಿ ನಿಟ್ಟುಸಿರಿಟ್ಟು, “ಬೀಜದಲ್ಲೇ ಬಂದದ್ದಕ್ಕೆ ಯಾರೇನು ಮಾಡಿಯಾರು?” ಎಂದು ಬಿಡುತ್ತಾರೆ. ಹಿಂದೆ ಕರ್ಮವೆನ್ನುತ್ತಿದ್ದರು, ಈಗ ವಂಶವಾಹಿಯೆನ್ನುತ್ತಾರೆ. ಕೈಕಟ್ಟಿ ಕೂರುವುದು ಮಾತ್ರ ಹಾಗೆಯೇ ಇದೆ. ದೃಷ್ಟಿದೋಷವೂ ಬಹುಮಟ್ಟಿಗೆ ಆನುವಂಶಿಕವೇ. ಆದರೆ ಕನ್ನಡಕವನ್ನು ಯಾರೂ ವ್ಯರ್ಥವೆನ್ನುವುದಿಲ್ಲ. ಫಿನೈಲ್‌ಕೀಟೋನೂರಿಯವೆಂಬ ಆನುವಂಶಿಕ ರೋಗವಿರುವ ಶಿಶುವಿಗೆ ಹುಟ್ಟಿದಾಗಿನಿಂದಲೇ ತಕ್ಕ ಪಥ್ಯವನ್ನಿಟ್ಟರೆ ಅದರ ಬುದ್ಧಿಶಕ್ತಿಯನ್ನು ಉಳಿಸಬಹುದು. ಕಾರಣವು ಬೀಜದಲ್ಲಿದ್ದರೆ ಪರಿಹಾರವೂ ಬೀಜದಲ್ಲಿಯೇ ಇರಬೇಕೆಂಬ ನಿಯಮವಿಲ್ಲ. ಕೀಲು ಬದಲಿಸುವ ಚಿಕಿತ್ಸೆ, ಮಾಸಾಶನ, ಕೂತು ಮಾಡಬಹುದಾದ ಉದ್ಯೋಗ ಇವು ಬೀಜದ ವಿಷಯವಲ್ಲ, ನಮ್ಮ ಮನಸ್ಸಿನ ವಿಷಯ.

ಹಾಗಾದರೆ ಮದುವೆಯ ವಿಚಾರದಲ್ಲಿ ತಳಿವಿಜ್ಞಾನವು ಹೇಳುವುದೇನೂ ಇಲ್ಲವೆ? ಇದೆ, ಆದರೆ ದೊಡ್ಡಪ್ಪನವರು ನಿರೀಕ್ಷಿಸಿದುದಲ್ಲ. ಸೋದರಮಾವನನ್ನು ವರಿಸಿದಾಗ ಹುಟ್ಟುವ ಮಗುವಿನಲ್ಲಿ ಯಾವುದೇ ವಂಶವಾಹಿಯ ಎರಡು ಪ್ರತಿಗಳೂ ಒಂದೇ ಪೂರ್ವಿಕನಿಂದ ಬಂದಿರುವ ಸಂಭವವು ಎಂಟರಲ್ಲಿ ಒಂದು. ಅತ್ತೆಯ ಮಗ, ಮಾವನ ಮಗಳ ಸಂಬಂಧದಲ್ಲಿ ಹದಿನಾರರಲ್ಲಿ ಒಂದು. ಅಡಗಿರುವ ರೋಗಗಳು ತಲೆಯೆತ್ತುವುದು ಹೀಗೆ ಎರಡು ಪ್ರತಿಗಳು ಕೂಡಿದಾಗ. ಇದೂ ಆಜ್ಞೆಯಲ್ಲ. ಆರೋಗ್ಯವಂತ ಮಗು ಬೇಕಾದರೆ ಇದನ್ನು ಯೋಚಿಸು ಎಂಬ ಸಲಹೆ. ‘ಬೇಕಾದರೆ’ ಎಂಬ ಪದವನ್ನು ನಾವು ಸೇರಿಸಬೇಕೇ ಹೊರತು ವಂಶವಾಹಿಯು ಸೇರಿಸುವುದಿಲ್ಲ. ಏನಿದೆಯೆಂಬುದನ್ನು ವಿಜ್ಞಾನ ಹೇಳುತ್ತದೆ. ಏನು ಬೇಕೆಂಬುದನ್ನು ನಾವು ನಿಶ್ಚಯಿಸಬೇಕು. ನಿಶ್ಚಯಿಸಿದುದಕ್ಕೆ ಹೊಣೆಯನ್ನೂ ಹೊರಬೇಕು. ಇದ್ದುದರಿಂದ ಇರಬೇಕಾದುದನ್ನು ಯಾವ ತರ್ಕದಿಂದಲೂ ಹಿಂಡಿ ತೆಗೆಯಲಾಗದು.

“ಬೀಜದಲ್ಲಿಯೂ ಮೌಲ್ಯವಿಲ್ಲ, ವಿಕಾಸದಲ್ಲಿಯೂ ಮೌಲ್ಯವಿಲ್ಲ, ಮತ್ತೆ ಮೌಲ್ಯವಿರುವುದೆಲ್ಲಿ?” ಎಂದು ಕೇಳಿದರೆ ನಮ್ಮ ಸಮಾಧಾನವಿಷ್ಟು. ಕೋಟ್ಯಂತರ ವರ್ಷಗಳ ವಿಕಾಸವು, ತಾನು ಮಾಡತಕ್ಕದ್ದೇನೆಂದು ತನ್ನನ್ನೇ ಕೇಳಿಕೊಳ್ಳುವ ಒಂದು ಪ್ರಾಣಿಯನ್ನು ಹುಟ್ಟಿಸಿತು. ತುಕ್ಕಿನ ಬೂಷ್ಟು ಕೇಳಿಕೊಳ್ಳುವುದಿಲ್ಲ, ರೊಬಸ್ಟಾ ಗಿಡ ಕೇಳಿಕೊಳ್ಳುವುದಿಲ್ಲ, ಮನುಷ್ಯ ಕೇಳಿಕೊಳ್ಳುತ್ತಾನೆ. ಹಾಗೆ ಕೇಳಿಕೊಳ್ಳುವ ಇನ್ನೊಬ್ಬನನ್ನು ತನ್ನ ಸಮನೆಂದು ಕಂಡು ಅವನ ಉತ್ತರಕ್ಕೆ ಕಿವಿಗೊಡುವುದರಿಂದಲೇ ನೀತಿಯು ಆರಂಭವಾಗುತ್ತದೆ. ಆ ಪ್ರಶ್ನೆಯನ್ನು ಬೀಜದ ತಲೆಗೆ ಕಟ್ಟಿ ಕೈತೊಳೆದುಕೊಳ್ಳುವವನು ವಿಕಾಸವು ತನಗೆ ಕೊಟ್ಟ ವಿಶೇಷವಾದ ಶಕ್ತಿಯನ್ನೇ ಬಿಟ್ಟುಕೊಟ್ಟಂತಾಗುತ್ತದೆ.

ದೊಡ್ಡಪ್ಪನವರಲ್ಲಿ ನಮ್ಮ ವಿಜ್ಞಾಪನೆ ಇಷ್ಟೆ. ಈ ಸಂಬಂಧವು ತಮಗೆ ಒಪ್ಪಿಗೆಯಿಲ್ಲದಿದ್ದರೆ ಹಾಗೆಂದು ತಮ್ಮ ಹೆಸರಿನಲ್ಲಿಯೇ ಹೇಳೋಣಾಗಲಿ. ನನಗೆ ಅಂಜಿಕೆಯಾಗುತ್ತದೆ, ನೆಂಟರು ಏನೆಂದಾರೋ ಎಂಬ ಚಿಂತೆಯಿದೆ, ಹೊಸ ರೂಢಿಗೆ ಮನಸ್ಸು ಹೊಂದುತ್ತಿಲ್ಲ ಎಂದರೆ ಅದು ಮನುಷ್ಯರ ಮಾತು. ಹುಡುಗಿಯು ಅದಕ್ಕೆ ಉತ್ತರ ಹೇಳಬಲ್ಲಳು, ಇಬ್ಬರೂ ಕೂಡಿ ಅಳಬಲ್ಲರು, ಒಂದು ದಿನ ಒಪ್ಪಬಲ್ಲರು. ಆದರೆ ಮೆಂಡೆಲನ ಹೆಸರಿನಲ್ಲಿ ಬೇಡವೆನ್ನುವುದು ಸಲ್ಲದು. ಅವನ ಸಾಕ್ಷ್ಯವನ್ನು ನಾವು ವಿಚಾರಿಸಿ ನೋಡಿದೆವು. ಅದು ತಮ್ಮ ಪಕ್ಷದಲ್ಲಿಲ್ಲ. ಆ ಯುವಕನ ನಡತೆಯನ್ನು ವಿಚಾರಿಸಿರಿ, ಆರೋಗ್ಯವನ್ನು ವಿಚಾರಿಸಿರಿ, ಅವನು ಹುಡುಗಿಯ ಮಾತಿಗ��� ಬೆಲೆಕೊಡುವನೆ ಎಂಬುದನ್ನು ವಿಚಾರಿಸಿರಿ. ಇವು ಹಿರಿಯರು ಕೇಳತಕ್ಕ ಪ್ರಶ್ನೆಗಳು. ಬರುವ ಹೂಮಳೆಯೊಳಗಾಗಿ ಆ ಮನೆಯಲ್ಲಿ ಈ ಪ್ರಶ್ನೆಗಳನ್ನು ಕೇಳಿದರೆಂದು ಕೇಳುವ ಭಾಗ್ಯ ನಮಗೆ ಬರಲಿ.